ಅಳತೆಯ ನಡುವೆ ಒಂದು ಮಾತು

ಪುಟ್ಟೇನಹಳ್ಳಿಯಲ್ಲಿ ರಾಗಿ ರಾಶಿ ಅಳೆಯುವುದೆಂದರೆ ಯಾರು ಬೇಕಾದರೂ ಕೊಳಗ ಹಿಡಿದು ಕೂತುಬಿಡುವ ಕೆಲಸವಾಗಿರಲಿಲ್ಲ. ಅದಕ್ಕೆಂದೇ ಒಂದು ಮನೆ ಇತ್ತು, ಚಿಕ್ಕಬೈರಪ್ಪನ ಮನೆ. ಸುಗ್ಗಿಯಲ್ಲಿ ರಾಗಿ ತೂರಿ, ರಾಶಿ ಮಾಡಿ, ನೆತ್ತಿಗೆ ಸಗಣಿಯ ಬೆನಕನನ್ನಿಟ್ಟು ಪೂಜೆ ಮುಗಿಸಿದ ಮೇಲೆ ಊರವರು ಆ ಮನೆಗೆ ಹೇಳಿ ಕಳಿಸುತ್ತಿದ್ದರು. ಚಿಕ್ಕಬೈರಪ್ಪ ಬಂದು, ಕಣದ ಹೊರಗೆ ಚಪ್ಪಲಿ ಬಿಟ್ಟು, ಮೂಡಲಿಗೆ ಮುಖ ಮಾಡಿ ಮಂಡಿಯೂರಿ, ಕೊಳಗ ತುಂಬಿ ಎತ್ತಿ "ಲಾಭ" ಅನ್ನುತ್ತಿದ್ದ. ಒಂದು ಅನ್ನುವ ಹಾಗಿಲ್ಲ, ಮೊದಲನೆಯದು ಯಾವತ್ತೂ ಲಾಭವೇ. ಆಮೇಲೆ ಎರಡು, ಮೂರು, ನಾಲ್ಕು. ಇಪ್ಪತ್ತಾದರೆ ಒಂದು ಖಂಡುಗ. ಗುರುತಿಗೆ ಒಂದು ಹಿಡಿ ಕಾಳನ್ನು ಪಕ್ಕಕ್ಕಿಟ್ಟು ಮತ್ತೆ ಲಾಭದಿಂದ ಶುರು.

ಇನ್ನೊಂದು ಕಟ್ಟಳೆ ಇದಕ್ಕಿಂತ ಬಿಗಿ. ಕೊಳಗ ಒಮ್ಮೆ ರಾಶಿಗೆ ಇಳಿಯಿತೆಂದರೆ ಅಳೆಯುವವನ ಬಾಯಿಂದ ಎಣಿಕೆ ಬಿಟ್ಟು ಬೇರೆ ಮಾತು ಬರಕೂಡದು. ಬೇರೆ ಯಾರಾದರೂ ಬಾಯಿ ಬಿಟ್ಟರೆ ಅವನು ಕೊಳಗವನ್ನು ಕಾಳಿನಲ್ಲೇ ಬಿಟ್ಟು, ಕಣ್ಣು ತಗ್ಗಿಸಿ, ಸದ್ದಡಗುವವರೆಗೆ ಸುಮ್ಮನೆ ಕೂರಬೇಕು. ಮಗ ಬೈರಣ್ಣ ಹುಟ್ಟಿದ ದಿನ ಚಿಕ್ಕಬೈರಪ್ಪ ಕಣದಲ್ಲಿದ್ದ. ಸುದ್ದಿ ತಂದ ಹೆಂಗಸು ಅಂಚಿನಲ್ಲಿ ನಿಂತು ಹೆರಿಗೆಯಾಯಿತೆಂದು ಮೂರು ಸಲ ಕೂಗಿದಳು. ಮೂರು ಸಲವೂ ಅಳತೆ ನಿಂತಿತೇ ಹೊರತು ಆ ಪುಣ್ಯಾತ್ಮ ತಿರುಗಿ ನೋಡಲಿಲ್ಲ. ಗಂಡೋ ಹೆಣ್ಣೋ ಎಂದು ಅವನು ಕೇಳಿದ್ದು ನಾಲ್ಕು ಖಂಡುಗ ಮುಗಿದ ಮೇಲೆ. ಬೈರಣ್ಣನ ತಾಯಿ ಸಾಯುವವರೆಗೂ ಈ ವಿಷಯಕ್ಕೆ ಗಂಡನನ್ನು ಆಡಿಕೊಂಡಳು. ಊರು ಮಾತ್ರ ಅದನ್ನು ಹೇಳಿಕೊಂಡು ಬೀಗುತ್ತಿತ್ತು.

ಅಪ್ಪ ಹೋದ ಮೇಲೆ ಕೊಳಗ ಬೈರಣ್ಣನ ಕೈಗೆ ಬಂತು. ಇಪ್ಪತ್ತರ ಹುಡುಗನಾದರೂ ಕೈ ಅಪ್ಪನದೇ. ಕೊಳಗದ ಬಾಯಿ ಸವರಿದರೆ ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆಯಿಲ್ಲ. ಅಣ್ಣತಮ್ಮಂದಿರು ಪಾಲಿಗೆ ಕಚ್ಚಾಡುತ್ತಿದ್ದ ಕಣದಲ್ಲೂ ಅವನು ಕೂತರೆ ಜಗಳ ತಣ್ಣಗಾಗುತ್ತಿತ್ತು. ಸರ್ಕಾರದವರು ಕಿಲೋ ತಂದರು, ತಕ್ಕಡಿ ತಂದರು. ಪುಟ್ಟೇನಹಳ್ಳಿ ಅದನ್ನು ಸಂತೆಗೆ ಬಿಟ್ಟುಕೊಟ್ಟು, ಕಣದಲ್ಲಿ ಕೊಳಗವನ್ನೇ ಇಟ್ಟುಕೊಂಡಿತು. ಅಷ್ಟು ದೊಡ್ಡ ಮರ್ಯಾದೆ ಅವನಿಗೆ ಬೇರೆ ಯಾವ ಕೆಲಸದಲ್ಲೂ ಸಿಗುವುದಿರಲಿಲ್ಲ, ಅವನಿಗೂ ಅದು ಗೊತ್ತಿತ್ತು.

ಇಪ್ಪತ್ತೈದರಲ್ಲಿ ಮೂರ್ಛೆ ಶುರುವಾಯಿತು. ಮೊದಲು ಎಲ್ಲಿಂದಲೋ ರಾಗಿ ಹಿಟ್ಟು ಸೀದ ವಾಸನೆ. ಆಮೇಲೆ ನಾಲಿಗೆ ಕಟ್ಟಿದ ಹಾಗೆ ಮಾತು ನಿಲ್ಲುತ್ತಿತ್ತು, ಕಣ್ಣು ಒಂದೇ ಕಡೆ ನೆಡುತ್ತಿತ್ತು. ಅದಾದ ಮೇಲೆ ಏನಾಯಿತೆಂದು ಅವನಿಗೆ ಗೊತ್ತಿಲ್ಲ, ನೋಡಿದವರಿಗೆ ಗೊತ್ತು. ಎದ್ದಾಗ ಅಂಗೈಯಲ್ಲಿ ಮೂರ್ಛೆ ಬಿಡಲೆಂದು ಯಾರೋ ತುರುಕಿದ ಬೀಗದ ಕೈ ಇರುತ್ತಿತ್ತು, ಬಾಯಲ್ಲಿ ರಕ್ತದ ರುಚಿ. ತಾಯಿತ ಕಟ್ಟಿಸಿದರು, ಹರಕೆ ಹೊತ್ತರು, ಮಾತ್ರೆ ನುಂಗಿಸಿದರು. ಮಾತ್ರೆಯಿಂದ ನಿದ್ದೆ ಬಂತೇ ಹೊರತು ಕಾಯಿಲೆ ಹೋಗಲಿಲ್ಲ.

ಒಂದು ಸುಗ್ಗಿಯಲ್ಲಿ ರಾಮಯ್ಯನವರ ಕಣದಲ್ಲಿ ಹದಿಮೂರರ ಮೇಲೆ ಅವನು ನಿಂತುಬಿಟ್ಟ. ರಾಮಯ್ಯನವರು ಊರಿಗೆ ಹಿರಿಯರು, ವರಸೆಯಲ್ಲಿ ಅವನಿಗೆ ದೊಡ್ಡಪ್ಪ. ಯಾರೋ ಮಾತಾಡಿದರೆಂದು ತಿಳಿದು ಅವರು ಸುತ್ತ ನಿಂತವರನ್ನು ಗುರಾಯಿಸಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಉಸಿರು ಬಿಗಿಹಿಡಿದು ಕಾದರು. ಕಾಯುತ್ತಿದ್ದಂತೆಯೇ ಬೈರಣ್ಣ ರಾಶಿಯ ಮೇಲೆ ಮಗುಚಿಕೊಂಡ, ಬೆನಕ ಉರುಳಿ ಹೋದ. ಹದಿಮೂರೋ ಹದಿನಾಲ್ಕೋ ಎಂದು ಆಮೇಲೆ ಯಾರಿಗೂ ಹೇಳಲಾಗಲಿಲ್ಲ.

"ಸ್ವಲ್ಪ ದಿವ್ಸ ಬೇರೆಯೋರು ಅಳೀಲಿ ಬಿಡು ಬೈರ," ಅಂದರು ರಾಮಯ್ಯ, ಬಹಳ ಮೆತ್ತಗೆ. ಬೈದಿದ್ದರೇ ವಾಸಿಯಿತ್ತು. ಆ ಸ್ವಲ್ಪ ದಿವಸ ಐದು ವರ್ಷವಾಯಿತು.

ಸಾವಿರದ ಒಂಬೈನೂರ ಅರವತ್ತೈದರ ಬೇಸಿಗೆಗೆ ಸರಿಯಾಗಿ ಅವನಿಗೆ ಮೂವತ್ತೊಂದು. ಕೊಳಗ ಹಿಡಿಯುತ್ತಿದ್ದ ಕೈಯಲ್ಲಿ ಈಗ ಒಲೆಯ ಮೇಲೆ ಬಿದ್ದು ಸುಟ್ಟ ಕಲೆ. ಕೆರೆಗೆ ಒಬ್ಬನೇ ಹೋಗುವ ಹಾಗಿಲ್ಲ, ಬಾವಿ ಬಗ್ಗಿ ನೋಡುವ ಹಾಗಿಲ್ಲ. ಹೆಂಡತಿ ಅಂಜನಮ್ಮ ನೆರಳಿನಂತೆ ಹಿಂದೆ. ಜಯನಗರದಲ್ಲಿ ಮನೆ ಕಟ್ಟಿಸುತ್ತಿದ್ದವರೊಬ್ಬರು ಹೇಳಿದ ಮೇಲೆ ಅವಳೇ ಅವನನ್ನು ಹೊರಡಿಸಿಕೊಂಡು ಲಾಲ್‌ಬಾಗಿನಾಚೆಯ ದೊಡ್ಡಾಸ್ಪತ್ರೆಗೆ ಬಂದಳು. ಅಲ್ಲಿ ತಲೆಗೆ ತಂತಿ ಅಂಟಿಸಿ ಕಾಗದದ ಮೇಲೆ ಗೆರೆ ಬರೆಸಿದರು, ಎಕ್ಸ್‌ರೇ ತೆಗೆದರು. ಕೊನೆಗೆ ಆಪರೇಷನ್ ಮಾಡುವ ಡಾಕ್ಟರ್ ವೆಂಕಟಾಚಲ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಎಡಗಿವಿಯ ಮೇಲ್ಗಡೆ ಮಿದುಳಿನಲ್ಲಿ ಒಂದು ಹಳೇ ಗಾಯವಿದೆ, ಮೂರ್ಛೆ ಏಳುವುದು ಅಲ್ಲಿಂದ. ಅದನ್ನು ತೆಗೆದರೆ ನಿಲ್ಲಬಹುದು. ಆದರೆ ಅದರ ಮಗ್ಗುಲಲ್ಲೇ ಮಾತಿನ ಜಾಗವಿದೆ, ಎಣಿಕೆಯೂ ಅಲ್ಲೇ.

ಮೂರ್ಛೆಯ ಜೊತೆ ಎಣಿಕೆಯೂ ಹೋದರೆ ಬೈರಣ್ಣ ಊರಿಗೆ ಯಾವ ಮುಖ ಹೊತ್ತು ಹೋಗಬೇಕು?

ಮರುದಿನ ವಾರ್ಡಿಗೆ ಬಂದವರು ಡಾಕ್ಟರ್ ಕಾತ್ಯಾಯಿನಿ. ಮತ್ತಿನ ಔಷಧಿಯ ಜವಾಬ್ದಾರಿ ಅವರದು. ಜಯನಗರದ ಮನೆಯಿಂದ ಬರುವ, ಬಿಗಿಯಾಗಿ ಜಡೆ ಕಟ್ಟಿದ, ಮಾತಿನಲ್ಲಿ ಸಕ್ಕರೆ ಹಾಕದ ಹೆಂಗಸು. ಸ್ಟೂಲು ಎಳೆದುಕೊಂಡು ಕೂತು ನೇರವಾಗಿ ವಿಷಯಕ್ಕೆ ಬಂದರು.

"ಬೈರಣ್ಣ, ಎರಡು ದಾರಿ ಇದೆ. ಈಥರ್ ಕೊಟ್ಟು ಪೂರ್ತಿ ನಿದ್ದೆ ಬರಿಸೋದು ಒಂದು. ನಿಮಗೇನೂ ಗೊತ್ತಾಗಲ್ಲ. ಇನ್ನೊಂದು, ತಲೆ ಚರ್ಮಕ್ಕೆ ಮಾತ್ರ ಮರಗಟ್ಟೋ ಇಂಜೆಕ್ಷನ್ ಕೊಡೋದು. ಹಲ್ಲು ಕೀಳೋವಾಗ ಕೊಡ್ತಾರಲ್ಲ, ಆ ಥರ. ನೀವು ಎಚ್ಚರವಾಗೇ ಇರ್ತೀರ."

"ಎಚ್ಚರವಾಗಿರೋರ ತಲೆ ಬಿಚ್ತೀರಾ?" ಅಂದಳು ಅಂಜನಮ್ಮ. "ಬ್ಯಾಡ ಡಾಕ್ಟ್ರಮ್ಮ. ಮಲಗಿಸಿಬಿಡಿ. ದೇವ್ರು ಮಾಡ್ದಂಗಾಗ್ಲಿ."

"ಮಲಗಿಸಬಹುದಮ್ಮ. ಆದ್ರೆ ಇವರ ಜೊತೆ ಇವರ ಕಾಯಿಲೆನೂ ಮಲಗಿಬಿಡುತ್ತೆ. ಎಲ್ಲಿಂದ ಏಳುತ್ತೆ ಅಂತ ಹುಡುಕೋದು ಕಷ್ಟ. ಮಾತಿನ ಜಾಗ ಯಾವುದು ಅಂತ ಡಾಕ್ಟರು ಅಂದಾಜಿನ ಮೇಲೆ ಹೋಗಬೇಕು. ಎಚ್ಚರವಾಗಿದ್ರೆ ಇವರು ಎಣಿಸ್ತಿರ್ತಾರೆ, ಅವರು ಮಿದುಳಿನ ಮೇಲೆ ಸಣ್ಣದಾಗಿ ಕರೆಂಟು ಮುಟ್ಟಿಸಿ ನೋಡ್ತಾರೆ. ಮಿದುಳಿಗೆ ನೋವಿಲ್ಲ. ಎಲ್ಲಿ ಮುಟ್ಟಿದಾಗ ಎಣಿಕೆ ನಿಲ್ಲುತ್ತೋ ಆ ಜಾಗಕ್ಕೆ ಕತ್ತಿ ಹಾಕಲ್ಲ."

ಅಷ್ಟಕ್ಕೇ ಬಿಡಲಿಲ್ಲ ಆಕೆ. ಐದಾರು ಗಂಟೆ ಒಂದೇ ಮಗ್ಗುಲಲ್ಲಿ ಅಲ್ಲಾಡದೆ ಮಲಗಬೇಕು. ಮೂಳೆ ಕೊರೆಯುವ ಸದ್ದು ಕಿವಿಯೊಳಗೇ ಕೇಳುತ್ತದೆ. ಮೇಜಿನ ಮೇಲೆಯೇ ಮೂರ್ಛೆ ಬಂದರೂ ಬರಬಹುದು. ಹೆದರಿ ಒದ್ದಾಡಿದರೆ ತಲೆ ತೆರೆದಿರುವಾಗಲೇ ನಿದ್ದೆ ಕೊಡಬೇಕಾಗುತ್ತದೆ, ಅದು ತನಗೆ ಬಲು ಕಷ್ಟದ ಕೆಲಸ ಎಂದರು. ಇದನ್ನೆಲ್ಲ ಮುಚ್ಚಿಡದೆ ಹೇಳಿದ್ದಕ್ಕೇ ಬೈರಣ್ಣನಿಗೆ ಆಕೆಯ ಮೇಲೆ ನಂಬಿಕೆ ಬಂತು.

"ನಿದ್ದೆ ಹೋದ್ರೆ, ಎದ್ದಾಗ ಎಣಿಕೆ ಇರ್ತದಾ?" ಎಂದು ಕೇಳಿದ.

"ಹೇಳಕ್ಕಾಗಲ್ಲ."

"ಎಚ್ಚರವಾಗಿದ್ರೆ?"

"ಹೋಗೋದಕ್ಕೆ ಮುಂಚೆ ನಮಗೆ ಗೊತ್ತಾಗುತ್ತೆ. ನಿಮಗೂ ಗೊತ್ತಾಗುತ್ತೆ."

"ಹಂಗಾದ್ರೆ ಎಚ್ಚರವಾಗೇ ಇರ್ತೀನಿ."

ಆ ಸಂಜೆ ಅಂಜನಮ್ಮ ಮುದ್ದೆಯನ್ನು ತಟ್ಟೆಗೆ ಕುಕ್ಕಿ, ಗೋಡೆ ಕಡೆ ತಿರುಗಿ ಕೂತಳು. ಬೆಳಿಗ್ಗೆ ಕಾತ್ಯಾಯಿನಿ ಬಂದು ಎಣಿಸಿ ತೋರಿಸಿ ಅಂದಾಗ ಬೈರಣ್ಣ ಒಂದರಿಂದ ಇಪ್ಪತ್ತರವರೆಗೆ ಶಾಲೆಯ ಮಗುವಿನಂತೆ ಒಪ್ಪಿಸಿದ. ಒಂದು ಅಂತಲೇ ಅಂದ. ಬರೀ ಗಾಳಿಗೆ ಲಾಭ ಅನ್ನಲು ಅವನಿಗೇನು ಹುಚ್ಚೇ? ಡಾಕ್ಟರಮ್ಮ ಬರೆದುಕೊಂಡು ಹೋದರು.

ಆಪರೇಷನ್ ದಿನ ಎಡಗಿವಿ ಮೇಲಾಗುವಂತೆ ಅವನನ್ನು ಮಗ್ಗುಲಾಗಿಸಿ, ಮುಖದ ಮುಂದೆ ಬಟ್ಟೆಯ ಸಣ್ಣ ಗುಡಾರ ಕಟ್ಟಿದರು. ಗುಡಾರದೊಳಗೆ ಕಾತ್ಯಾಯಿನಿ ಒಬ್ಬರೇ, ಅವನ ಮುಖಕ್ಕೆ ಮುಖ ಕೊಟ್ಟು. ವೆಂಕಟಾಚಲರು ಬಟ್ಟೆಯಾಚೆ, ಬರೀ ದನಿ. ಸೂಜಿಗಳು ಉರಿದವು, ಆಮೇಲೆ ತಲೆ ಬೇರೆ ಯಾರದೋ ಅನ್ನಿಸಿತು. ಕೊರೆಯುವ ಸದ್ದು ಶುರುವಾದಾಗ ಹಲ್ಲುಹಲ್ಲೂ ನಡುಗಿತು. ಬೈರಣ್ಣನಿಗೆ ಜೀವ ಬಾಯಿಗೆ ಬಂತು. ಎದ್ದು ಓಡಬೇಕು, ಅಂಜನ ಹೇಳಿದ್ದೇ ಸರಿ, ಮಲಗಿಸಿ ಎಂದು ಕೂಗಬೇಕು ಅನ್ನಿಸಿತು. ಕಾತ್ಯಾಯಿನಿಯವರು ಅವನ ಕೈ ಹಿಡಿದು, "ಇನ್ನು ಸ್ವಲ್ಪ, ಇನ್ನು ಸ್ವಲ್ಪ," ಅನ್ನುತ್ತಲೇ ಇದ್ದರು. ಆ ಸ್ವಲ್ಪ ಒಂದು ಗಂಟೆಯಾಯಿತು.

ಸದ್ದು ನಿಂತಿತು. "ಎಣಿಸಿ ಬೈರಣ್ಣ," ಅಂದರು ಆಕೆ.

ಹೇಗೆ ನೆಟ್ಟಗಾಗಬೇಕೆಂದು ತಿಳಿಯದೆ ಅವನು ಕಣ್ಣು ಮುಚ್ಚಿದ. ಬೇರೆ ಯಾವ ಧೈರ್ಯವೂ ಕೈಗೆ ಸಿಗಲಿಲ್ಲ, ಕಣ ಒಂದು ಸಿಕ್ಕಿತು. ಮೂಡಲ ಬಿಸಿಲು, ಸಾರಿಸಿದ ನೆಲ, ಎದುರಿಗೆ ರಾಶಿ. ಕೊಳಗ ಇಳಿಸಿದ. ಅದರ ಬಾಯಿ ಸವರಿದ.

"ಲಾಭ."

ಬಟ್ಟೆಯಾಚೆ ಗಡಬಿಡಿಯಾಯಿತು. "ಏನಂದ್ರು? ಮೊದಲನೇ ನಂಬರೇ ತಪ್ಪಿತಲ್ಲ!"

"ಇಲ್ಲ ಸಾರ್," ಅಂದರು ಕಾತ್ಯಾಯಿನಿ. "ಅಳೆಯೋರು ಹಾಗೇ ಅನ್ನೋದು. ನಮ್ಮ ಮನೆಗೆ ಅಕ್ಕಿ ಅಳೆದು ಹಾಕೋನೂ ಲಾಭದಿಂದಲೇ ಶುರು ಮಾಡ್ತಾನೆ. ಎಣಿಸಿ ಬೈರಣ್ಣ."

ಆಕೆಗೆ ಗೊತ್ತಿದ್ದದ್ದು ಅಷ್ಟೇ. ಜಯನಗರದ ಅಡುಗೆಮನೆ ಬಾಗಿಲಿಗೆ ಸೇರು ಬರುತ್ತದೆ, ಕಣ ಬರುವುದಿಲ್ಲ. ಅದು ಅವರ ತಪ್ಪಲ್ಲ, ಯಾವ ಡಾಕ್ಟರ ಪುಸ್ತಕದಲ್ಲೂ ಬರೆದಿಲ್ಲ.

ಎರಡು, ಮೂರು, ನಾಲ್ಕು. "ಇಲ್ಲಿ ಮುಟ್ತಾ ಇದೀನಿ," ಎಂದು ವೆಂಕಟಾಚಲರು ಜೋರಾಗಿ ಹೇಳಿದರು. ಬೈರಣ್ಣ ನಿಂತ. ಕೊಳಗ ಕಾಳಿನಲ್ಲಿ, ಕಣ್ಣು ನೆಲದ ಮೇಲೆ. ಕಣದಲ್ಲಿ ಮಾತು ಬಂದಿತ್ತು, ಅಡಗುವವರೆಗೆ ಕಾಯಬೇಕು.

"ನಿಂತಿತು! ಚೀಟಿ ಇಡಿ." ಮಾತಿನ ಜಾಗವೆಂದು ಮಿದುಳಿನ ಮೇಲೆ ಒಂದು ಪುಟ್ಟ ನಂಬರಿನ ಚೀಟಿ ಬಿತ್ತು.

ಸದ್ದಡಗಿತು. ಐದು, ಆರು, ಏಳು. "ಈಗ ಇನ್ನೊಂದು ಕಡೆ." ಅವನು ಮತ್ತೆ ನಿಂತ. ಮತ್ತೊಂದು ಚೀಟಿ. "ಎಣಿಸಿ ಬೈರಣ್ಣ, ನಿಲ್ಲಿಸಬೇಡಿ, ಎಣಿಸಿ!" ಎಂದು ಕಾತ್ಯಾಯಿನಿ ಅವಸರಪಡಿಸಿದರು. ಅವರು ಅವಸರಪಡಿಸಿದಷ್ಟೂ ಅವನು ಕಾದ. ಈ ಜನಕ್ಕೆ ಅಳತೆಯ ಮರ್ಯಾದೆಯೇ ಗೊತ್ತಿಲ್ಲವಲ್ಲ ಎಂದು ಒಳಗೊಳಗೇ ಸಿಟ್ಟೂ ಬಂತು. ಅರ್ಧ ಗಂಟೆಯಲ್ಲಿ ಏಳು ಚೀಟಿ ಬಿದ್ದಿದ್ದವು.

ವೆಂಕಟಾಚಲರ ದನಿ ಈಗ ಸಣ್ಣಗಾಗಿತ್ತು. "ಕಾತ್ಯಾಯಿನಿ, ಎಲ್ಲಿ ಮುಟ್ಟಿದ್ರೂ ಮಾತು ನಿಲ್ತಾ ಇದೆ. ಕತ್ತಿ ಹಾಕೋಕೆ ಬೆರಳಗಲ ಜಾಗ ಇಲ್ಲ. ನಿದ್ದೆ ಕೊಟ್ಟುಬಿಡಿ, ಮುಚ್ಚಿಬಿಡೋಣ."

ಬೈರಣ್ಣನಿಗೆ ಕೇಳಿಸಿತು. ಮುಚ್ಚಿಬಿಡೋಣ. ತಲೆ ತೆರೆದದ್ದೂ ದಂಡ, ಕೊರೆಸಿಕೊಂಡದ್ದೂ ದಂಡ. ಮತ್ತೆ ಅಂಗೈಗೆ ಬೀಗದ ಕೈ, ಮತ್ತೆ ಸೀದ ಹಿಟ್ಟಿನ ವಾಸನೆ, ಬಾವಿಗೆ ಹೋದರೆ ಹಿಂದೆ ಅಂಜನ. ಕಾತ್ಯಾಯಿನಿಯವರ ಕೈ ಅವನ ಕೈ ಬಿಟ್ಟು ಪಕ್ಕದ ಸಿರಿಂಜಿಗೆ ಹೋಯಿತು. ಬಾಯಿ ಬಿಡಬೇಕು. ಆದರೆ ಕೊಳಗ ರಾಶಿಯಲ್ಲಿತ್ತು. ಮಗ ಹುಟ್ಟಿದ ಸುದ್ದಿಗೂ ತಿರುಗದ ಅಪ್ಪನ ಬೆನ್ನು ಅವನ ಕಣ್ಣೆದುರಿಗಿತ್ತು. ಸೂಜಿ ತೋಳಿನ ಹತ್ತಿರ ಬಂತು.

"ಡಾಕ್ಟ್ರಮ್ಮ!" ಅವನು ಕಣ್ಣು ಬಿಟ್ಟಿದ್ದ. "ನಿಲ್ಸಿದ್ದು ನಾನು!"

ಸಿರಿಂಜು ಅಲ್ಲೇ ನಿಂತಿತು. "ಏನು?"

"ರಾಶಿ ಅಳೀವಾಗ ಯಾರಾದ್ರೂ ಮಾತಾಡಿದ್ರೆ ನಾವು ನಿಲ್ಲಿಸ್ಬೇಕು. ಅವ್ರು ಮಾತಾಡ್ತಾನೇ ಅವ್ರೆ. ನೀವೂ ಮಾತಾಡ್ತೀರಿ. ನಾನೆಂಗೆ ಎಣಿಸ್ಲಿ?"

"ಅಂದ್ರೆ ಮಾತು ಕಟ್ಟಿರಲಿಲ್ವಾ? ಒಂದು ಸಲವೂ?"

"ಇಲ್ರವ್ವ. ನಾನೇ ಸುಮ್ಕಿದ್ದೆ."

ಬಟ್ಟೆಯಾಚೆ ವೆಂಕಟಾಚಲರು ಏಳು ಚೀಟಿಯನ್ನೂ ಒಂದೊಂದಾಗಿ ತೆಗೆದರು.

ಆದರೆ ಕಾತ್ಯಾಯಿನಿಯವರಿಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. "ನೋಡಿ ಬೈರಣ್ಣ, ಇನ್ಮೇಲೆ ಇಲ್ಲಿ ಯಾರೂ ಮಾತಾಡಲ್ಲ. ನೀವು ನಿಂತಾಗ ಮಾತ್ರ ನಾನು 'ಇದ್ದೀರಾ?' ಅಂತ ಕೇಳ್ತೀನಿ. ತಕ್ಷಣ ನೀವು 'ಇದ್ದೀನಿ' ಅನ್ನಬೇಕು. ಇಲ್ದಿದ್ರೆ ನೀವು ಸುಮ್ಮನಿದ್ದದ್ದು ಯಾವುದು, ಮಾತು ಕಟ್ಟಿದ್ದು ಯಾವುದು ಅಂತ ನಂಗೆ ಗೊತ್ತಾಗಲ್ಲ."

"ಅಳತೆ ಮಧ್ಯದಲ್ಲಾ?"

"ಅಳತೆ ಮಧ್ಯದಲ್ಲೇ. ನಿಮ್ಮೂರ ಕಣದಲ್ಲಿ ನಿಮ್ಮ ಮಾತು. ಇದು ನನ್ನ ಕಣ."

"ಆಗ್ಲಿ" ಅಂದ ಬೈರಣ್ಣ. ಸೂಜಿಗಿಂತ, ಕೊರೆತಕ್ಕಿಂತ ಅವನಿಗೆ ಆವತ್ತು ನೋವಾದದ್ದು ಆ ಒಂದು ಮಾತಿಗೆ.

ಲಾಭ, ಎರಡು, ಮೂರು. ಸದ್ದಿಲ್ಲ. ಹನ್ನೊಂದು, ಹನ್ನೆರಡು. ನಡುವೆ ಒಮ್ಮೆ ಎಲ್ಲಿಂದಲೋ ಹಿಟ್ಟು ಸೀದ ವಾಸನೆ ಬಂತು. ಅವನು ಗಾಬರಿಯಾಗಿ ಹೇಳಿದ. ವೆಂಕಟಾಚಲರಿಗೆ ಬೇಕಾಗಿದ್ದದ್ದೂ ಅದೇ, ಕಾಯಿಲೆಯ ಬೇರು ಸಿಕ್ಕಿತು. ಮತ್ತೆ ಲಾಭ. ಎರಡು, ಮೂರು, ನಾಲ್ಕು, ಐದು.

ಆರು ಬರಲಿಲ್ಲ.

ಕೊಳಗ ತುಂಬಿತ್ತು. ಅದು ಎಷ್ಟನೆಯದು ಎಂದು ಅವನಿಗೆ ಗೊತ್ತಿತ್ತು. ನಾಲಿಗೆಗೆ ಗೊತ್ತಿರಲಿಲ್ಲ. "ಇದ್ದೀರಾ?" ಎಂದು ಕಾತ್ಯಾಯಿನಿ ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಇದ್ದೀನಿ ಅನ್ನಲು ಹೋದ, ಬಾಯಿ ಅಲ್ಲಾಡಿತು, ದನಿಯಿಲ್ಲ. "ಬೈರಣ್ಣ, ಇದ್ದೀರಾ?" ಅವನು ಆಕೆಯ ಮುಖವನ್ನೇ ದಿಟ್ಟಿಸಿದ. ಕಣ್ಣಲ್ಲಿ ನೀರು ತುಂಬಿತು. ಇನ್ನು ಮೇಲೆ ಹೀಗೇ ಎಂದುಕೊಂಡ. ಎಲ್ಲ ತಿಳಿಯುತ್ತದೆ, ಯಾರಿಗೂ ಹೇಳಲಾಗದು, ಸಾಯುವವರೆಗೆ ಹೀಗೇ.

ಕಾತ್ಯಾಯಿನಿ ಕೈಯೆತ್ತಿ ಸನ್ನೆ ಮಾಡಿದರು. ಕರೆಂಟು ತೆಗೆದರು.

"ಆರು," ಅಂದ ಬೈರಣ್ಣ. "ಇದ್ದೀನಿ. ಇದ್ದೀನಿ ಡಾಕ್ಟ್ರಮ್ಮ. ಆರು."

ಅಲ್ಲೊಂದು ಚೀಟಿ ಬಿತ್ತು. ಅದೊಂದೇ. ವೆಂಕಟಾಚಲರು ಅದಕ್ಕೆ ಬೆರಳಗಲ ದೂರ ಬಿಟ್ಟು, ಸೀದ ವಾಸನೆ ಎದ್ದ ಜಾಗವನ್ನು ತೆಗೆದರು. ಅಷ್ಟೂ ಹೊತ್ತು ಅವನು ಎಣಿಸುತ್ತಲೇ ಇದ್ದ. ಎಲ್ಲ ಮುಗಿದು ಮೂಳೆ ಕೂರಿಸುವ ಹೊತ್ತಿಗೆ ಕಾತ್ಯಾಯಿನಿ ನಿದ್ದೆಯ ಮದ್ದು ಕೊಟ್ಟರು. ಹನ್ನೊಂದು ಖಂಡುಗದ ಮೇಲೆ ಮೂರು ಕೊಳಗಕ್ಕೆ ಅವನಿಗೆ ನಿದ್ದೆ ಹತ್ತಿತು.

ಮೊದಲ ವಾರ ಮಾತು ತಡವರಿಸಿತು. ಚೊಂಬು ಅನ್ನಲು ಹೋಗಿ ಬಿಂದಿಗೆ ಅನ್ನುತ್ತಿದ್ದ. ಅಂಜನಮ್ಮ ಅತ್ತಳು. ಆಮೇಲೆ ಅವನು ಸರಿಯಾಗಿ ಚೊಂಬು ಅಂದ ದಿನವೂ ಅತ್ತಳು. ಮೇಜಿನ ಮೇಲೆ ನಡೆದದ್ದನ್ನೆಲ್ಲ ಅವನು ಅವಳಿಗೊಬ್ಬಳಿಗೇ ಹೇಳಿದ್ದ. ಏಪ್ರಿಲ್ ಕಳೆಯಿತು, ಮಳೆಗಾಲ ಕಳೆಯಿತು, ದೀಪಾವಳಿಯೂ ಕಳೆಯಿತು. ಅಂಗೈಗೆ ಬೀಗದ ಕೈ ಒಮ್ಮೆಯೂ ಬರಲಿಲ್ಲ.

ಸಂಕ್ರಾಂತಿ ಮುಂದೆ ರಾಮಯ್ಯನವರು ತಾವೇ ಬಾಗಿಲಿಗೆ ಬಂದರು. ಕೊಳಗ ಅವರ ಕಂಕುಳಲ್ಲಿತ್ತು. "ನಾಳೆ ನಮ್ಮ ಕಣ. ಬಾ," ಅಂದರು.

ಊರಿಗೂರೇ ಬಂದಿತ್ತು. ಕೆಲವರು ರಾಗಿ ನೋಡಲು, ಹೆಚ್ಚಿನವರು ಇವನು ಬೀಳುವುದನ್ನು ನೋಡಲು. ಹೆಂಗಸರು ಕಟ್ಟಳೆಯಂತೆ ಕಣದ ಅಂಚಿನಲ್ಲಿ ನಿಂತಿದ್ದರು, ಮುಂದುಗಡೆಯೇ ಅಂಜನಮ್ಮ. ಬೈರಣ್ಣ ತಲೆಯ ವಸ್ತ್ರ ಬಿಗಿದುಕೊಂಡು, ಮೂಡಲಿಗೆ ಮುಖ ಮಾಡಿ ಮಂಡಿಯೂರಿದ. ಕೊಳಗ ಇಳಿಸಿದ.

"ಲಾಭ. ಎರಡು. ಮೂರು. ನಾಲ್ಕು. ಐದು."

ಆರನೆಯದು ತುಂಬಿತು. ಬಾಯಿ ಸವರಿದ. ಅಲ್ಲಿ ನಿಂತ. ಮಾತು ಬರುತ್ತದೆಯೇ ಎಂದು ಒಳಗೆ ಮುಟ್ಟಿ ನೋಡಿಕೊಂಡ, ಅಷ್ಟೇ. ಅವನಿಗೆ ಅದು ಒಂದು ಉಸಿರು. ನೋಡುವವರಿಗೆ ಐದು ವರ್ಷದ ಹಿಂದಿನ ದಿನವೇ ಎದುರಿಗೆ ಬಂದು ನಿಂತಿತು. ಈ ಸಲ ಯಾರು ಮಾತಾಡಿದರೆಂದು ರಾಮಯ್ಯನವರು ಸುತ್ತ ನೋಡಲಿಲ್ಲ, ಅವನ ಕೈಯನ್ನೇ ನೋಡಿದರು. ಯಾರೋ ಸೊಂಟದಿಂದ ಬೀಗದ ಕೈ ಬಿಚ್ಚಿದ ಸದ್ದು ಕೇಳಿಸಿತು.

"ಇದ್ದೀರಾ?"

ಅಂಜನಮ್ಮನ ದನಿ. ಹೆಂಗಸು, ಅದೂ ಕಣದ ಅಂಚಿನಿಂದ, ಅದೂ ಅಳತೆಯ ನಡುವೆ. ಊರು ಹೌಹಾರಿ ಅವಳ ಕಡೆ ತಿರುಗಿತು.

ಬೈರಣ್ಣನಿಗೆ ಅಪ್ಪನ ಬೆನ್ನು ನೆನಪಾಯಿತು. ಅಂಚಿನಲ್ಲಿ ನಿಂತು ಮೂರು ಸಲ ಕೂಗಿ ಸೋತ ಆ ಹೆಂಗಸೂ ನೆನಪಾದಳು. ಅವನು ಕೊಳಗವನ್ನು ಹಿಡಿದುಕೊಂಡೇ ಹೆಂಡತಿಯ ಕಡೆಗೆ ಪೂರ್ತಿ ತಿರುಗಿದ.

"ಇದ್ದೀನಿ ಕಣೇ," ಅಂದ.

ಆಮೇಲೆ ರಾಮಯ್ಯನವರ ಮುಖ ನೋಡಿದ. ಅವರು ಬೈಯಲಿಲ್ಲ. ಪಂಚೆಯ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಅಳಿ ಬೈರ, ಬಿಸ್ಲೇರ್ತದೆ," ಅಂದರು.

"ಆರು," ಅಂದ ಬೈರಣ್ಣ.